ಲಾಂಡ್ರಿಯ ಮುಂದೆ ಹಿಡಿದ ಬ್ರೇಕು

ಆ ಮನೆಯ ಅಜ್ಜಿ ಪ್ರತಿ ಶುಕ್ರವಾರ ತಮ್ಮ ಅಕ್ಕನ ಮನೆಗೆ ಹೋಗುತ್ತಿದ್ದ ರೀತಿಯನ್ನು ಮೊದಲೇ ಹೇಳಿಬಿಡಬೇಕು. ಅಜ್ಜಿ ಬಸ್ಸಿನಲ್ಲಿ ಹೋಗುತ್ತಿದ್ದರು, ಅವರ ಚೀಲ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿತ್ತು. ಹಿಂದಿನ ಸೀಟಿಗೆ ಚೀಲವನ್ನು ಹಗ್ಗದಿಂದ ಬಿಗಿದುಕೊಂಡು ತಾತ ಬಸ್ಸಿನ ಬೆನ್ನಿಗೇ ಬರುತ್ತಿದ್ದರು. ಬಸ್ಸು ನಿಂತ ಕಡೆಯೆಲ್ಲ ತಾವೂ ನಿಲ್ಲಲು ನೋಡುತ್ತಿದ್ದರು, ಆದರೆ ಸಾಮಾನ್ಯವಾಗಿ ಬಸ್ಸನ್ನು ದಾಟಿ ಇನ್ನೊಂದಿಷ್ಟು ದೂರ ಹೋಗಿ ನಿಲ್ಲುತ್ತಿದ್ದರು. ಅಜ್ಜಿ ಕಿಟಕಿಯಿಂದ ಅದನ್ನು ನೋಡಿ ಪಕ್ಕದವರಿಗೆ, "ಆ ಮನುಷ್ಯ ಯಾರೋ ನಂಗೆ ಗೊತ್ತಿಲ್ಲಪ್ಪ" ಅನ್ನುತ್ತಿದ್ದರಂತೆ. ಹನ್ನೊಂದು ವರ್ಷ ಹೀಗೇ ನಡೆಯಿತು.

ಇದಕ್ಕೆಲ್ಲ ಕಾರಣ ಒಂದು ಚಪ್ಪಲಿ. ಅದಕ್ಕೆ ಮುಂಚೆ ಅಜ್ಜಿಯೂ ಹಿಂದಿನ ಸೀಟಿನಲ್ಲಿ ಕೂತು, ತಾತನ ಹೆಗಲು ಹಿಡಿದು, ಊರೆಲ್ಲ ಸುತ್ತಿದವರೇ. ಒಂದು ದಿನ ಮಾರ್ಕೆಟ್ಟಿನ ನಟ್ಟನಡುವೆ ಅವರ ಬಲಗಾಲಿನ ಚಪ್ಪಲಿ ಜಾರಿ ಬಿತ್ತು. "ನಿಲ್ಸಿ" ಅಂದರು. ತಾತ ಕೂಡಲೇ ಬ್ರೇಕು ಹಿಡಿದರು, ಅದರಲ್ಲಿ ಅವರ ತಪ್ಪೇನಿಲ್ಲ. ಗಾಡಿ ಹಣ್ಣಿನ ಅಂಗಡಿ ದಾಟಿತು, ಬ್ಯಾಂಕು ದಾಟಿತು, ತಿರುವಿನಾಚೆ ಹೋಗಿ ನಿಂತಿತು. ಅಜ್ಜಿ ಒಂದು ಚಪ್ಪಲಿ, ಒಂದು ಬರಿಗಾಲಿನಲ್ಲಿ ಅಷ್ಟೂ ದೂರ ವಾಪಸ್ಸು ನಡೆದು ಬರುವಷ್ಟರಲ್ಲಿ ಬಿದ್ದದ್ದನ್ನು ನಾಯಿ ಕಚ್ಚಿಕೊಂಡು ಹೋಗಿತ್ತು. ಮಾರ್ಕೆಟ್ಟಿಗೆ ಮಾರ್ಕೆಟ್ಟೇ ನೋಡಿತು. ಮನೆಗೆ ಬಂದವರೇ ಅಜ್ಜಿ, "ನಾನು ನಿಲ್ಸಿ ಅಂದ ಕಡೆ ನಿಲ್ಲದ ಗಾಡಿ ಮೇಲೆ ಇನ್ನು ಕೂರಲ್ಲ" ಎಂದು ಹೇಳಿ, ಉಳಿದ ಎಡಗಾಲಿನ ಚಪ್ಪಲಿಯನ್ನು ಬಾಗಿಲ ಪಕ್ಕದ ಕಪಾಟಿನ ಮೇಲಿನ ಹಲಗೆಯಲ್ಲಿ ಇಟ್ಟರು. ಮನೆಯವರ ಚಪ್ಪಲಿಗಳೆಲ್ಲ ಜೋಡಿಜೋಡಿಯಾಗಿ ಕೆಳಗೆ ಇದ್ದವು, ಅದೊಂದು ಮಾತ್ರ ಸಾಕ್ಷಿಗೆಂದು ಮೇಲೆ ಒಂಟಿಯಾಗಿ ಕೂತಿತ್ತು.

ಗಾಡಿಯೂ ಅಂಥಿಂಥದ್ದಲ್ಲ. ತಾತ ನಲವತ್ತು ವರ್ಷ ಕಬ್ಬಿಣ ಕಡೆಯುವ ಲೇತ್ ಮೆಷಿನ್ನಿನ ಮುಂದೆ ನಿಂತವರು. ಗುಜರಿಗೆ ಬಂದ ಮೂರು ಮೋಟಾರ್ ಸೈಕಲ್ಲುಗಳಲ್ಲಿ ಒಂದರ ಎಂಜಿನ್ನು, ಇನ್ನೊಂದರ ಚೌಕಟ್ಟು, ಮತ್ತೊಂದರ ಮುಂದಿನ ಚಕ್ರ ಹಿಡಿಯುವ ಫೋರ್ಕು ತೆಗೆದು, ಟ್ಯಾಂಕನ್ನು ತಾವೇ ತಗಡಿನಿಂದ ಬಡಿದು, ಅದನ್ನು ಕಟ್ಟಿದ್ದರು. ಹಿಂದಿನ ಬ್ರೇಕು ಹೆಸರಿಗಷ್ಟೇ ಇತ್ತು, ಮುಂದಿನ ಚಕ್ರದ ಡ್ರಮ್ ಬ್ರೇಕಂತೂ ಪೂರ್ತಿ ಅವರ ಕೈಯದೇ. ಹಿಡಿ ಒತ್ತಿದರೆ ತಂತಿ ಎಳೆಯುತ್ತಿತ್ತು, ಡ್ರಮ್ಮಿನೊಳಗೆ ಉಜ್ಜಾಟ ಶುರುವಾಗುತ್ತಿತ್ತು, ಕೀಚ್ ಎಂದು ಬೀದಿಗೆಲ್ಲ ಕೇಳುತ್ತಿತ್ತು. ಆಗದೇ ಇದ್ದದ್ದು ನಿಲ್ಲುವುದೊಂದೇ. ಅದಕ್ಕೆ ತಾತ ಗುರುತು ಇಟ್ಟುಕೊಂಡಿದ್ದರು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಬೇಕಾದರೆ ಅಂಚೆ ಡಬ್ಬಿಯ ಹತ್ತಿರ ಬ್ರೇಕು ಹಿಡಿಯಬೇಕು. ಮನೆಯ ಗೇಟಿಗೆ ನಿಲ್ಲಬೇಕಾದರೆ ಲಾಂಡ್ರಿಯ ಮುಂದೆ ಹಿಡಿಯಬೇಕು. ಲಾಂಡ್ರಿಯಿಂದ ಗೇಟಿಗೆ ನಲವತ್ತು ಹೆಜ್ಜೆ. "ಬ್ರೇಕು ಗಾಡೀಲಿ ಇರಲ್ಲ, ತಲೇಲಿ ಇರುತ್ತೆ" ಎಂದು ಅವರು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ಹೀಗಿರುವಾಗ ಆ ಬಸ್ಸೇ ನಿಂತುಹೋಯಿತು.

ಸುದ್ದಿ ತಂದದ್ದು ಸೊಸೆ. ಅವಳು ಶಾಲೆಯ ವ್ಯಾನು ಓಡಿಸುವವಳು, ಊರಿನ ರಸ್ತೆಗಳ ಸಮಾಚಾರವೆಲ್ಲ ಮೊದಲು ಅವಳಿಗೇ ಗೊತ್ತಾಗುವುದು. ರಾತ್ರಿ ಊಟಕ್ಕೆ ಕೂತಾಗ ಆಲೂಗಡ್ಡೆ ಬಡಿಸುತ್ತ ಹೇಳಿದಳು.

"ಅತ್ತೆ, ನಿಮ್ಮ ಅಕ್ಕನ ಮನೆ ಕಡೆ ಬಸ್ಸು ಈ ವಾರದಿಂದ ಇಲ್ವಂತೆ. ಜನ ಹತ್ತೋದೇ ಇಲ್ಲ ಅಂತ ನಿಲ್ಲಿಸಿಬಿಟ್ರಂತೆ."

"ನಾನು ಹತ್ತುತಾ ಇರ್ಲಿಲ್ವಾ?" ಎಂದರು ಅಜ್ಜಿ.

"ನೀವೊಬ್ರೇ ಹತ್ತಿದ್ರೆ ಸಾಕಾಗುತ್ತಾ ಅಮ್ಮ?" ಎಂದ ಮಗ. ಅವನು ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು, ಬೆಳಗಿನ ಜಾವ ಹೋಗಿ ಮಧ್ಯಾಹ್ನ ಬರುತ್ತಿದ್ದ, ಮನೆಯಲ್ಲಿ ಯಾರು ಜಗಳಕ್ಕೆ ನಿಂತರೂ ಬ್ರೆಡ್ಡು ಮುಂದಿಟ್ಟು ಸಮಾಧಾನ ಮಾಡುತ್ತಿದ್ದ. ಈಗಲೂ ಒಂದು ತುಂಡು ತಾಯಿಯ ತಟ್ಟೆಗೆ ಹಾಕಿದ.

ತಾತ ಗಂಟಲು ಸರಿಮಾಡಿಕೊಂಡರು. "ಬಸ್ಸಿಲ್ದಿದ್ರೆ ಏನಾಯ್ತು? ಗಾಡಿ ಇದೆಯಲ್ಲ."

"ಅದು ಹೋಗುತ್ತೆ. ನಿಲ್ಲಲ್ಲ" ಎಂದರು ಅಜ್ಜಿ, ತಟ್ಟೆಯಿಂದ ತಲೆಯೆತ್ತದೆ.

ಮೊಮ್ಮಗಳೂ ಊಟಕ್ಕೆ ಕೂತಿದ್ದಳು. ಅವಳಿಗೆ ಇಪ್ಪತ್ತಮೂರು ವರ್ಷ, ದ್ವಿಚಕ್ರ ವಾಹನಗಳ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಬೀದಿಯವರು ಅವಳನ್ನು ಸ್ಪ್ಯಾನರ್ ಎಂದೇ ಕರೆಯುತ್ತಿದ್ದರು. ಅವಳಿಗೂ ಅದು ಇಷ್ಟವೇ.

"ತಾತ, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಹಾಕೋಣ. ನಾನು ಹಾಕ್ತೀನಿ. ಎರಡು ಬೆರಳಲ್ಲಿ ಹಿಡಿದ್ರೆ ಸಾಕು, ಅಲ್ಲೇ ನಿಲ್ಲುತ್ತೆ."

"ಯಾಕೆ? ಇರೋ ಬ್ರೇಕಿಗೆ ಏನಾಗಿದೆ?"

"ಏನೂ ಆಗಲ್ಲ, ಅದೇ ತೊಂದರೆ" ಎಂದಳು ಸೊಸೆ.

"ಅದನ್ನ ನಾನು ನನ್ನ ಕೈಯಾರೆ ಕಡೆದು ಮಾಡಿದ್ದು. ನಲವತ್ತು ವರ್ಷದಲ್ಲಿ ಒಬ್ಬರಿಗೂ ಗುದ್ದಿಲ್ಲ."

"ಜನ ಓಡ್ತಾರೆ ಮಾವ. ಆ ಕೀಚ್ ಸದ್ದು ಕೇಳಿದ್ರೆ ಇಡೀ ಬೀದಿ ಗೋಡೆಗೆ ಅಂಟಿಕೊಳ್ಳುತ್ತೆ. ನನ್ನ ವ್ಯಾನಲ್ಲಿ ಹದಿನಾಲ್ಕು ಮಕ್ಕಳು ಕೂರ್ತಾರೆ. ಅದಕ್ಕೆ ಇಂಥ ಬ್ರೇಕಿದ್ದಿದ್ರೆ ನನ್ನ ಲೈಸೆನ್ಸು ಅವತ್ತೇ ಹೋಗ್ತಿತ್ತು."

ತಾತ ತಟ್ಟೆ ಎತ್ತಿಕೊಂಡು ಹಿತ್ತಿಲ ಶೆಡ್ಡಿಗೆ ಹೋದರು. ಅಲ್ಲಿ ಗಾಡಿಯ ಪಕ್ಕ ಒಂದು ಸ್ಟೂಲು ಇತ್ತು. ಅವತ್ತಿನಿಂದ ಅವರ ಊಟ ಅಲ್ಲೇ ಆಯಿತು. ಮುನಿಸು ಮುನಿಸೇ, ಊಟ ಊಟವೇ. ಎರಡನೇ ಸಲ ಬಡಿಸಿಕೊಳ್ಳಲು ಮಾತ್ರ ಅಡುಗೆಮನೆಯ ಬಾಗಿಲಿಗೆ ಬಂದು ತಟ್ಟೆ ಒಡ್ಡುತ್ತಿದ್ದರು.

ಮೊದಲನೇ ಶುಕ್ರವಾರ ಅಜ್ಜಿ ಬಾಡಿಗೆ ಕಾರಿನಲ್ಲಿ ಹೋಗಿಬಂದರು. ಡ್ರೈವರು ಹೋಗುವಾಗಲೂ ಬರುವಾಗಲೂ ಫೋನಿನಲ್ಲಿ ಯಾರದೋ ಜೊತೆ ಜಗಳ ಆಡುತ್ತಿದ್ದನಂತೆ. ಇಳಿದ ಮೇಲೆ ಅಜ್ಜಿಗೆ ಆ ಜಗಳ ಏನಾಯಿತೆಂಬ ಚಿಂತೆ ಬೇರೆ ಹತ್ತಿತು. "ಇನ್ನು ಬೇಡ" ಅಂದರು. ಶುಕ್ರವಾರ ಸೊಸೆಗೆ ವ್ಯಾನು ಬಿಡುವಂತಿಲ್ಲ, ಮೊಮ್ಮಗಳ ಗ್ಯಾರೇಜಿನಲ್ಲಿ ಅಂದೇ ಹೆಚ್ಚು ಕೆಲಸ, ಮಗನಿಗೆ ಸೈಕಲ್ಲು ಬಿಟ್ಟರೆ ಬೇರೇನೂ ಬರುವುದಿಲ್ಲ. ಎರಡನೇ ಶುಕ್ರವಾರ ಅಜ್ಜಿ ಮನೆಯಲ್ಲೇ ಉಳಿದರು. ಮೂರನೆಯದಕ್ಕೂ ಉಳಿದರು. ಆವತ್ತು ಅಕ್ಕನೇ ಫೋನ್ ಮಾಡಿದರು. ಅಕ್ಕನಿಗೆ ಕಿವಿ ಮಂದ, ಅಜ್ಜಿ ಕೂಗಿಯೇ ಮಾತಾಡಬೇಕು.

"ಬರೋಕಾಗಲ್ಲ ಅಕ್ಕ. ಬಸ್ಸಿಲ್ಲ. ಹ್ಞಾಂ? ಬಸ್ಸು ಇಲ್ಲ ಅಂದೆ. ಗಾಡಿನಾ? ಇದೆ. ಚೀಲಕ್ಕೆ ಇದೆ, ನನಗಿಲ್ಲ." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ ಹೇಳಿದರು. "ನಂಗೂ ನಿನ್ನ ನೋಡಬೇಕು ಅನ್ಸುತ್ತೆ. ಏನು ಮಾಡ್ಲಿ."

ಶೆಡ್ಡಿನಲ್ಲಿದ್ದ ತಾತನಿಗೆ ಇದೆಲ್ಲ ಕೇಳಿಸಿತು. ಕೊನೆಯ ಮಾತು ಕೇಳಿ ಅವರಿಗೆ ನಿಜಕ್ಕೂ ಸಂಕಟವಾಯಿತು. ಹೆಂಡತಿ ಬಸ್ಸಿನಲ್ಲಿ ಹೋಗುತ್ತಿದ್ದಷ್ಟು ದಿನ ಅವರು ಅದನ್ನು ಸೋಲು ಎಂದುಕೊಂಡಿರಲಿಲ್ಲ. ಹೇಗೂ ಹಿಂದೆಯೇ ಹೋಗುತ್ತಿದ್ದರಲ್ಲ. ಪ್ರತಿ ಭಾನುವಾರ ಹಿಂದಿನ ಸೀಟನ್ನು ಬಟ್ಟೆಯಿಂದ ಒರೆಸುವಾಗ, ಇವತ್ತಲ್ಲ ನಾಳೆ ಅವಳು ಬಂದು ಕೂರುತ್ತಾಳೆ ಎಂದುಕೊಂಡೇ ಒರೆಸುತ್ತಿದ್ದರು.

ಸಂಜೆ ಮೊಮ್ಮಗಳು ಕೆಲಸ ಮುಗಿಸಿ ಬಂದು ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿದ್ದಾಗ ತಾತ ಬಂದು ಹದಿನೇಳನೇ ನಂಬರಿನ ಸ್ಪ್ಯಾನರನ್ನು ಅವಳ ಪಕ್ಕ ಇಟ್ಟರು.

"ಚಕ್ರ ಬಿಚ್ಚು. ನಾನು ನೋಡಲ್ಲ."

"ನಿಜವಾಗ್ಲೂ?"

"ನಾನು ವಾಪಸ್ ಬರೋಷ್ಟರಲ್ಲಿ ಬಿಚ್ಚಿರಬೇಕು. ಆಮೇಲೆ ಮನಸ್ಸು ಬದಲಾದ್ರೆ ನಂಗೊತ್ತಿಲ್ಲ" ಎಂದು ಹೇಳಿ ಗೇಟು ತೆಗೆದು ಹೊರಟೇ ಹೋದರು. ಲಾಂಡ್ರಿಯವನು ಆಮೇಲೆ ಹೇಳಿದ ಪ್ರಕಾರ, ಅವನ ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಶರಟುಗಳ ಗುಂಡಿ ಎಣಿಸುತ್ತಿದ್ದರು.

ಡಿಸ್ಕಿಗೆ ಬೇಕಾದ ಸಾಮಾನನ್ನು ಮೊಮ್ಮಗಳು ಆಗಲೇ ಹೊಂಚಿಟ್ಟಿದ್ದಳು. ಅಪಘಾತದಲ್ಲಿ ಹಿಂಭಾಗ ಜಜ್ಜಿಹೋಗಿದ್ದ ಒಂದು ಗಾಡಿಯ ಮುಂದಿನ ಚಕ್ರ, ಅದರ ಉಕ್ಕಿನ ಡಿಸ್ಕು, ಡಿಸ್ಕನ್ನು ಎರಡೂ ಕಡೆಯಿಂದ ಇಕ್ಕಳದ ಹಾಗೆ ಹಿಡಿಯುವ ಕ್ಯಾಲಿಪರ್, ಹ್ಯಾಂಡಲ್ಲಿಗೆ ಕೂರಿಸುವ ಬ್ರೇಕ್ ಆಯಿಲಿನ ಪುಟ್ಟ ಡಬ್ಬಿ, ಹೊಸ ಪೈಪು, ಹೊಸ ಪ್ಯಾಡು. ಇಲ್ಲದ್ದು ಒಂದೇ, ಕ್ಯಾಲಿಪರನ್ನು ಫೋರ್ಕಿಗೆ ಹಿಡಿದಿಡುವ ಬ್ರಾಕೆಟ್ಟು. ಮೂರು ಗಾಡಿಯಿಂದ ಕಟ್ಟಿದ ಗಾಡಿಗೆ ಅಂಥದ್ದು ಯಾವ ಅಂಗಡಿಯಲ್ಲಿ ಸಿಗಬೇಕು? ಅಳತೆ ತೆಗೆದು, ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿ ತಂದಳು.

ಭಾನುವಾರ ಎಲ್ಲ ಕೂರಿಸಿ ಚಕ್ರ ತಿರುಗಿಸಿದಳು. ಶರಕ್, ಶರಕ್, ಶರಕ್. ಪ್ಯಾಡು ಡಿಸ್ಕಿಗೆ ಒಂದೇ ಕಡೆ ಉಜ್ಜುತ್ತಿತ್ತು. ಬಿಚ್ಚಿದಳು, ಮತ್ತೆ ಕೂರಿಸಿದಳು. ಮತ್ತೆ ಶರಕ್. ನಾಲ್ಕು ಸಲ ಅಳೆದಳು, ನಾಲ್ಕು ಸಲವೂ ಅಳತೆ ಸರಿಯಾಗಿತ್ತು, ಚಕ್ರ ಮಾತ್ರ ಉಜ್ಜುತ್ತಲೇ ಇತ್ತು. ಅಡುಗೆಮನೆಯಲ್ಲಿ ಟೊಮೆಟೊ ಹೆಚ್ಚುತ್ತಿದ್ದ ತಾತನ ಕೈ ಪ್ರತಿ ಶರಕ್‌ಗೂ ನಿಲ್ಲುತ್ತಿತ್ತು. ಮುನಿಸಿನ ದಿನಗಳಲ್ಲಿ ತರಕಾರಿ ಹೆಚ್ಚುವುದು ಅವರ ಪಾಲಿಗೆ ಬಂದಿತ್ತು, ಯಾರೂ ಕೇಳಿರಲಿಲ್ಲ, ತಾವೇ ವಹಿಸಿಕೊಂಡದ್ದು.

"ಹೋಗಿ ನೋಡಿ" ಎಂದಳು ಸೊಸೆ.

"ನನ್ನನ್ನ ಯಾರು ಕರೆದ್ರು?"

"ಟೊಮೆಟೊ ಹೆಚ್ಚೋಕೆ ಯಾರು ಕರೆದ್ರು? ಹೋಗಿ ಮಾವ. ಹೀಗೆ ಹೆಚ್ಚಿದ್ರೆ ಬೆರಳೂ ಸೇರಿಹೋಗುತ್ತೆ."

ತಾತ ಚಾಕು ಕೆಳಗಿಟ್ಟು ಹೋದರು. ಶೆಡ್ಡಿನಲ್ಲಿ ಮೊಮ್ಮಗಳು ನೆಲದ ಮೇಲೆ ಕೂತು ಬ್ರಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅವಳ ಕಣ್ಣು ಕೆಂಪಗಾಗಿತ್ತು.

"ಯಾರು ಕೊರೆದಿದ್ದು ಇದನ್ನ?" ತಾತ ಅದನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. "ತೂತು ನೆಟ್ಟಗಿಲ್ಲ. ಅಂಚನ್ನ ಅರದಿಂದ ಉಜ್ಜಿ ನಯಾನೂ ಮಾಡಿಲ್ಲ. ಇದನ್ನ ಮಾಡಿದವನು ಊಟಕ್ಕೆ ಹೋಗೋ ಅವಸರದಲ್ಲಿದ್ದ."

"ಅದನ್ನ ಸರಿ ಮಾಡಬಹುದು ತಾತ. ಆದ್ರೆ ಅಳತೆ ಕೂರ್ತಾ ಇಲ್ಲ. ಎಷ್ಟು ಅಳೆದ್ರೂ ಚಕ್ರ ಮಧ್ಯಕ್ಕೆ ಬರಲ್ಲ."

ತಾತ ಫೋರ್ಕಿನ ಮೇಲೆ ಕೈಯಾಡಿಸಿದರು. ಆಮೇಲೆ, ಏನೋ ಕದ್ದು ಸಿಕ್ಕಿಬಿದ್ದವರಂತೆ ಮೆಲ್ಲಗೆ ಹೇಳಿದರು. "ಬರಲ್ಲ. ನನ್ನ ಡ್ರಮ್ಮು ಒಂದು ಕಡೆ ದಪ್ಪ ಆಗಿತ್ತು. ಅದು ಹಿಡಿಸಲಿ ಅಂತ ಈ ಫೋರ್ಕನ್ನ ಎರಡು ಮಿಲಿಮೀಟರ್ ಬಲಕ್ಕೆ ಸರಿಸಿ ಬಿಗಿದಿದ್ದೆ. ಯಾರಿಗೂ ಹೇಳಿರ್ಲಿಲ್ಲ."

"ನಲವತ್ತು ವರ್ಷ ಗಾಡಿ ಸೊಟ್ಟಗೆ ಓಡ್ತಿತ್ತಾ?"

"ನೆಟ್ಟಗೇ ಓಡ್ತಿತ್ತು. ನಾನು ಒಂಚೂರು ಎಡಕ್ಕೆ ಕೂರ್ತಿದ್ದೆ."

ಮೊಮ್ಮಗಳು ನಗಬಾರದೆಂದು ನೋಡಿದಳು, ಆಗಲಿಲ್ಲ. ತಾತನೂ ನಕ್ಕರು. ಹದಿನೈದು ದಿನದ ಮೇಲೆ ಆ ಶೆಡ್ಡಿನಲ್ಲಿ ಕೇಳಿದ ಮೊದಲ ನಗು ಅದು. ಅಡುಗೆಮನೆಯಿಂದ ಸೊಸೆ ಇಣುಕಿ ನೋಡಿ, ಉಳಿದ ಟೊಮೆಟೊ ತಾನೇ ಹೆಚ್ಚತೊಡಗಿದಳು.

ಅಂದು ತಾತ ಮಗನ ಬೇಕರಿಯ ಕೇಕಿನ ಡಬ್ಬಿ ಹರಿದು, ಅದರ ರಟ್ಟಿನಿಂದ ಬ್ರಾಕೆಟ್ಟಿನ ಮಾದರಿ ಕತ್ತರಿಸಿದರು. ಫೋರ್ಕಿಗೆ ಹಿಡಿದು ನೋಡುವುದು, ಕತ್ತರಿಯಿಂದ ಕೂದಲೆಳೆಯಷ್ಟು ತೆಗೆಯುವುದು, ಮತ್ತೆ ಹಿಡಿಯುವುದು. ಐದು ಡಬ್ಬಿ ಹೋದವು.

"ಅಪ್ಪ, ನಾಳೆ ನಾನು ಕೇಕನ್ನ ಏನು ಕೈಯಲ್ಲಿ ಕೊಡ್ಲಾ?" ಎಂದು ಮಗ ಕೇಳಿದ.

"ಕೊಡು. ಬಿಸಿ ಇರ್ಬೇಕಾದ್ರೆ ಕೊಡಬೇಡ, ಅಷ್ಟೇ."

ಮರುದಿನ ತಾತ, ಮೊಮ್ಮಗಳು ಸೇರಿ ಫೋರ್ಕನ್ನು ಸಡಿಲಿಸಿ, ಎರಡು ಮಿಲಿಮೀಟರ್ ಸರಿಸಿ, ಅದರ ನಿಜವಾದ ಜಾಗಕ್ಕೆ ತಂದು ಬಿಗಿದರು. ತಾತ ತಮ್ಮ ಹಳೆಯ ವರ್ಕ್‌ಶಾಪಿಗೆ ಹೋಗಿ, ತಾವು ಕೆಲಸ ಕಲಿಸಿದವನ ಲೇತನ್ನೇ ಕೇಳಿ ಪಡೆದು, ಚಕ್ರ ನಡುವಿಗೆ ಕೂರುವಂತೆ ಅದರ ಅಚ್ಚಿಗೆ ತೊಡಿಸುವ ಹೊಸ ಉಕ್ಕಿನ ಬಳೆ ಕಡೆದರು. ದಪ್ಪ ಉಕ್ಕಿನ ಪಟ್ಟಿಯಿಂದ ಬ್ರಾಕೆಟ್ಟು ಕತ್ತರಿಸಿ, ಕೊರೆದು, ಶೆಡ್ಡಿನಲ್ಲಿ ಎರಡು ದಿನ ಅರ ಹಾಕಿದರು. ಮೊಮ್ಮಗಳು ಕೂರಿಸಿ ಚಕ್ರ ತಿರುಗಿಸಿದಾಗ ಸದ್ದೇ ಬರಲಿಲ್ಲ. ಇಬ್ಬರೂ ಕಿವಿ ಹತ್ತಿರ ತಂದು ಕೇಳಿದರು. ಆಮೇಲೂ ಇಲ್ಲ. ಅವತ್ತು ತಾತ ತಟ್ಟೆ ಹಿಡಿದುಕೊಂಡು ಒಳಗೆ ಬಂದು, ಎಲ್ಲರ ಜೊತೆ ಮೇಜಿಗೆ ಕೂತು ಉಂಡರು.

ಉಳಿದದ್ದು ಪೈಪಿನ ಗಾಳಿ ತೆಗೆಯುವ ಕೆಲಸ. ಬ್ರೇಕ್ ಆಯಿಲು ತುಂಬಿದ ಮೇಲೆ ಪೈಪಿನಲ್ಲಿ ಗಾಳಿಯ ಗುಳ್ಳೆ ಉಳಿದರೆ ಬ್ರೇಕು ಹಿಡಿಯುವುದಿಲ್ಲ, ಹಿಡಿ ಮೆತ್ತಗೆ ಒಳಗೆ ಹೋಗುತ್ತದೆ. ಅದಕ್ಕೆ ಎರಡು ಜನ ಬೇಕು. ಒಬ್ಬರು ಹಿಡಿ ಒತ್ತಬೇಕು, ಇನ್ನೊಬ್ಬರು ಕೆಳಗೆ ಕ್ಯಾಲಿಪರಿನ ಪುಟ್ಟ ತಿರುಪನ್ನು, ಅಂದರೆ ನಿಪ್ಪಲ್ಲನ್ನು, ಬಿಚ್ಚಿ ಗುಳ್ಳೆ ಬಿಡಬೇಕು. ತಾತ ವರ್ಕ್‌ಶಾಪಿಗೆ ಉಪಕರಣ ವಾಪಸ್ಸು ಕೊಡಲು ಹೋಗಿದ್ದರು, ಸೊಸೆ ವ್ಯಾನಿನಲ್ಲಿ, ಮಗ ನಿದ್ದೆಯಲ್ಲಿ. ಮೊಮ್ಮಗಳು ಬಟ್ಟೆ ಒಣಹಾಕುತ್ತಿದ್ದ ಅಜ್ಜಿಯನ್ನು ಕರೆದಳು.

"ನಾನು ಅದನ್ನ ಮುಟ್ಟಲ್ಲ."

"ಕೂರೋದು ಬೇಡ ಅಜ್ಜಿ. ಪಕ್ಕ ನಿಂತು ಇದನ್ನ ಒತ್ತಿ, ಸಾಕು."

ಅಜ್ಜಿ ಕೈ ಸೆರಗಿಗೆ ಒರೆಸಿಕೊಂಡು ಬಂದರು. "ನಾಲ್ಕು ಸಲ ಒತ್ತಿ, ಹಿಡ್ಕೊಳಿ" ಅಂದಳು ಮೊಮ್ಮಗಳು. ನಿಪ್ಪಲ್ಲಿಗೆ ಸಿಕ್ಕಿಸಿದ್ದ ಪಾರದರ್ಶಕ ಕೊಳವೆಯಲ್ಲಿ ಗುಳ್ಳೆ ಬಂದು ಕೆಳಗಿಟ್ಟಿದ್ದ ಬಾಟಲಿಗೆ ಬಿತ್ತು. ನಿಪ್ಪಲ್ಲು ಬಿಗಿದು, "ಬಿಡಿ" ಅಂದಳು. ಮೊದಮೊದಲು ಹಿಡಿ ಒದ್ದೆ ಬಟ್ಟೆ ಹಿಂಡಿದಂತೆ ಸುಮ್ಮನೆ ಒಳಗೆ ಹೋಗುತ್ತಿತ್ತು. ಹತ್ತು ಸಲ, ಹದಿನೈದು ಸಲ. ನಡುವೆ ಒಂದು ಹನಿ ಆಯಿಲು ಟ್ಯಾಂಕಿನ ಮೇಲೆ ಬಿತ್ತು. "ಬಣ್ಣ ಹೋಗುತ್ತೆ ಅಜ್ಜಿ" ಎಂದು ಮೊಮ್ಮಗಳು ಅನ್ನುವಷ್ಟರಲ್ಲಿ ಅಜ್ಜಿ ಬಕೆಟಿನ ಒದ್ದೆ ಟವೆಲು ತಂದು ಒರೆಸಿದ್ದರು. ಒರೆಸಿದ ಮೇಲೂ ಎರಡು ಸಲ ಒರೆಸಿದರು.

ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ಸಲಕ್ಕೆ ಹಿಡಿ ಅರ್ಧಕ್ಕೇ ಗಟ್ಟಿಯಾಗಿ ನಿಂತಿತು. ಅಜ್ಜಿ ಇನ್ನೂ ಒತ್ತಿದರು. ಅಲುಗಲಿಲ್ಲ.

"ಇದೇನೇ, ಕಲ್ಲಿನ ಹಾಗಿದೆ."

"ಈಗ ಚಕ್ರ ತಿರುಗಿಸ್ತೀನಿ. ನಿಮಗೆ ಬೇಕು ಅನ್ಸಿದಾಗ ಎರಡು ಬೆರಳಲ್ಲಿ ಹಿಡೀರಿ."

ಚಕ್ರ ಗಿರ್ರನೆ ತಿರುಗಿತು. ಅಜ್ಜಿ ಹಿಡಿದರು. ಚಕ್ರ ನಿಂತಿತು. "ಇನ್ನೊಂದ್ಸಲ ತಿರುಗಿಸು" ಅಂದರು. ಬಟ್ಟೆ ಬಕೆಟಿನಲ್ಲೇ ಉಳಿಯಿತು. ಅಜ್ಜಿ ಎಂಟು ಸಲ ಚಕ್ರ ನಿಲ್ಲಿಸಿ ಹೋದರು. ಹೋಗುವಾಗ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಡ್ರಮ್ಮನ್ನು ಎತ್ತಿಕೊಂಡು ಹೋಗಿ, ಗಾಳಿಗೆ ಯಾವಾಗಲೂ ದಡಾರನೆ ಮುಚ್ಚಿಕೊಳ್ಳುತ್ತಿದ್ದ ಅಡುಗೆಮನೆಯ ಬಾಗಿಲಿಗೆ ಅಡ್ಡ ಇಟ್ಟರು. ಸಂಜೆ ತಾತ ಅದನ್ನು ನೋಡಿ ಹುಬ್ಬೇರಿಸಿದಾಗ, "ನಲವತ್ತು ವರ್ಷಕ್ಕೆ ಒಂದನ್ನಾದ್ರೂ ನಿಲ್ಲಿಸ್ತು" ಎಂದರು. ತಾತ ಬಗ್ಗಿ ಡ್ರಮ್ಮನ್ನು ಒಂದು ಬೆರಳಿನಷ್ಟು ಸರಿಸಿ, ನೆಟ್ಟಗೆ ಮಾಡಿ ಇಟ್ಟರು.

ಸೊಸೆಯ ಪರೀಕ್ಷೆ ಇನ್ನೂ ಬಾಕಿ ಇತ್ತು. ಮೂರು ದಿನ ಸಂಜೆ ಮೊಮ್ಮಗಳು ಪ್ಯಾಡು ಪಳಗಲೆಂದು ಖಾಲಿ ರಸ್ತೆಯಲ್ಲಿ ಗಾಡಿ ಓಡಿಸಿ, ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದಳು. ನಾಲ್ಕನೇ ದಿನ ಸೊಸೆ ಶಾಲೆಯ ಸೀಮೆಸುಣ್ಣ ತಂದು ರಸ್ತೆಗೆ ಗೆರೆ ಎಳೆದು, ಸೊಂಟಕ್ಕೆ ಕೈಯಿಟ್ಟು ನಿಂತಳು. ಮೂರು ಸಲವೂ ಮುಂದಿನ ಚಕ್ರ ಗೆರೆಯ ಹಿಂದೆಯೇ ನಿಂತಿತು.

"ಪಾಸು" ಅಂದಳು ಸೊಸೆ. "ಮಾವ, ನೀವೂ ಒಂದ್ಸಲ ಓಡಿಸಿ ನೋಡಿ."

"ನಾನು ಶುಕ್ರವಾರ ಓಡಿಸ್ತೀನಿ" ಎಂದರು ತಾತ.

ಶುಕ್ರವಾರ ಬೆಳಿಗ್ಗೆ ತಾತ ಪೆಟ್ರೋಲು ಹಾಕಿಸಿ ಬರಲು ಹೋದರು. ಅಜ್ಜಿ ಚೀಲ ಹಿಡಿದು ಗೇಟಿನಲ್ಲಿ ನಿಂತರು. ಬರುತ್ತೇನೆಂದು ಅವರು ಯಾರಿಗೂ ಹೇಳಿರಲಿಲ್ಲ. ಚೀಲ ಕಳಿಸಲು ನಿಂತಿದ್ದಾರೋ ತಾವೇ ಹೊರಟಿದ್ದಾರೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸೊಸೆ ಮಕ್ಕಳನ್ನು ಶಾಲೆಗೆ ಬಿಟ್ಟವಳೇ ಬಂದಿದ್ದಳು. ಮಗ ಬೇಕರಿಯಿಂದ ಒಂದು ಗಂಟೆ ತಪ್ಪಿಸಿಕೊಂಡು ಬಂದಿದ್ದ. ಮೊಮ್ಮಗಳು ಗ್ಯಾರೇಜಿಗೆ ಹೋಗದೆ ಉಗುರು ಕಚ್ಚುತ್ತಿದ್ದಳು. ಬೀದಿಯ ತುದಿಯಲ್ಲಿ ಗಾಡಿ ಕಾಣಿಸಿತು. ತಾತ ಮೊದಲ ಸಲ ನಡುವಿಗೆ ನೆಟ್ಟಗೆ ಕೂತಿದ್ದರು. ಗಾಡಿ ಹತ್ತಿರ ಬಂತು, ಲಾಂಡ್ರಿಯ ತನಕ ಬಂತು, ಅಲ್ಲೇ ಲಾಂಡ್ರಿಯ ಬಾಗಿಲ ಮುಂದೆ ಗಕ್ಕನೆ ನಿಂತುಬಿಟ್ಟಿತು.

ಕೀಚ್ ಎನ್ನುವ ಸದ್ದೇ ಇರಲಿಲ್ಲ. ಲಾಂಡ್ರಿಯವನು ಇಸ್ತ್ರಿ ಪೆಟ್ಟಿಗೆ ಕೈಯಲ್ಲಿ ಹಿಡಿದೇ ಹೊರಗೆ ಬಂದು, "ಏನು ತಾತ, ಬಟ್ಟೆ ಇತ್ತಾ?" ಎಂದು ಕೇಳಿದ.

ತಾತ ಲಾಂಡ್ರಿಯವನನ್ನು ನೋಡಿದರು. ನಲವತ್ತು ಹೆಜ್ಜೆ ಆಚೆ ನಿಂತಿದ್ದ ಮನೆಯವರನ್ನು ನೋಡಿದರು. ಅವರ ಮುಖ ಕಿವಿಯ ತನಕ ಕೆಂಪಾಯಿತು. ಎಂಜಿನ್ನೂ ಆಫ್ ಆಗಿತ್ತು.

"ಎರಡು ಬೆರಳು ಅಂದಿದ್ದೆ ತಾತ" ಎಂದು ಮೊಮ್ಮಗಳು ಹಣೆ ಚಚ್ಚಿಕೊಂಡಳು. ಮಗ ಓಡಿಹೋಗಿ ತಳ್ಳಿಕೊಂಡು ಬರುತ್ತೇನೆ ಎಂದು ಹೊರಟ. ಅಜ್ಜಿ ಅವನ ತೋಳು ಹಿಡಿದು ನಿಲ್ಲಿಸಿದರು. ಚೀಲವನ್ನು ಹೆಗಲಿಗೆ ಹಾಕಿಕೊಂಡು, ಮೊಣಕಾಲು ನೋವಿದ್ದದ್ದರಿಂದ ನಿಧಾನವಾಗಿ, ಆ ನಲವತ್ತು ಹೆಜ್ಜೆಯನ್ನೂ ತಾವೇ ನಡೆದು ಗಾಡಿಯ ಹತ್ತಿರ ಹೋದರು.

"ಅಭ್ಯಾಸ ಆಗಿಬಿಟ್ಟಿದೆ ಕಣೇ" ಎಂದರು ತಾತ ಕೆಳದನಿಯಲ್ಲಿ. "ಬಂಕಿನಲ್ಲೂ ಹೀಗೇ ಆಯ್ತು. ಅಂಚೆ ಡಬ್ಬಿ ಹತ್ರಾನೇ ನಿಂತುಹೋಯ್ತು. ಅಲ್ಲಿಂದ ತಳ್ಕೊಂಡು ಹೋದೆ."

"ಹಿಡಿದ ಕಡೆ ನಿಂತಿತಲ್ಲ ರೀ" ಎಂದರು ಅಜ್ಜಿ. "ಸ್ವಲ್ಪ ಮುಂದಕ್ಕೆ ಕೂತ್ಕೊಳಿ."

ಲಾಂಡ್ರಿಯವನು ಚೀಲ ಹಿಡಿದುಕೊಂಡ. ಅಜ್ಜಿ ತಾತನ ಹೆಗಲು ಹಿಡಿದು ಹತ್ತಿ ಕೂತು, ಚೀಲ ಇಸಿದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ತಾತನಿಗೆ ಕಿಕ್ಕರ್ ಒದೆಯಲು ಮೂರು ಸಲ ಬೇಕಾಯಿತು. ಅವರಿಗೆ ಅಷ್ಟು ಸಂತೋಷವಾಗಿತ್ತು.

ಗಾಡಿ ಹೊರಟಿತು. ಗೇಟಿನ ಎದುರು ಬಂದಾಗ ಅಜ್ಜಿ, "ನಿಲ್ಸಿ" ಅಂದರು. ತಾತ ಎರಡು ಬೆರಳಲ್ಲಿ ಹಿಡಿದರು. ಗೇಟಿನ ಕಂಬದ ಪಕ್ಕಕ್ಕೇ ನಿಂತಿತು. ಮನೆಯವರೆಲ್ಲ ಓಡಿ ಬಂದು ಏನಾಯಿತೆಂದು ಕೇಳಿದರು.

"ಏನಿಲ್ಲ, ಸುಮ್ನೆ ನೋಡಿದೆ" ಎಂದು ಅಜ್ಜಿ ಸೊಸೆಯ ಕಡೆ ತಿರುಗಿದರು. "ಆ ಹಲಗೆ ಮೇಲಿರೋ ಒಂಟಿ ಚಪ್ಪಲಿ ಎಸೆದುಬಿಡಮ್ಮ, ಸುಮ್ನೆ ಜಾಗಕ್ಕೆ ದಂಡ. ಹೊರಡಿ ರೀ."

ಅಕ್ಕನ ಮನೆಗೆ ಗಾಡಿಯಲ್ಲಿ ಹೆಚ್ಚೆಂದರೆ ಕಾಲು ಗಂಟೆಯ ದಾರಿ. ಅವರು ಅಲ್ಲಿಗೆ ಮುಟ್ಟಿದಾಗ ಹೊರಟು ಒಂದು ಗಂಟೆ ಕಳೆದಿತ್ತು. ಸೊಸೆ ಫೋನ್ ಮಾಡಿ ಹೇಳಿದ್ದರಿಂದ ಕಿಟಕಿಯಲ್ಲೇ ಕಾಯುತ್ತಿದ್ದ ಅಕ್ಕ ಬಾಗಿಲಿಗೆ ಬಂದು, ತಂಗಿ ಆ ಗಾಡಿಯಿಂದ ಇಳಿಯುವುದನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಬೈದರು.

"ಎಷ್ಟು ಹೊತ್ತೇ? ದಾರೀಲಿ ಕೆಟ್ಟು ನಿಂತಿತಾ?"

"ಕೆಟ್ಟಿಲ್ಲ ಅಕ್ಕ, ನಿಂತಿತು" ಎಂದು ಅಜ್ಜಿ ಕೂಗಿ ಹೇಳಿದರು, ಬೀದಿಗೆಲ್ಲ ಕೇಳುವಂತೆ. "ಹಣ್ಣಿನಂಗಡಿ ಹತ್ರ ನಿಲ್ಲಿಸ್ದೆ, ಬ್ಯಾಂಕಿನ ಹತ್ರ ನಿಲ್ಲಿಸ್ದೆ, ಚಪ್ಪಲಿ ಬಿದ್ದ ಜಾಗದಲ್ಲಿ ಎರಡು ಸಲ ನಿಲ್ಲಿಸ್ದೆ. ಹನ್ನೊಂದು ವರ್ಷದ್ದು ಬಾಕಿ ಇತ್ತು."

ತಾತ ಗಾಡಿಯ ಪಕ್ಕ ಬಗ್ಗಿ ಡಿಸ್ಕನ್ನು ಬೆರಳಿನಿಂದ ಮುಟ್ಟಿ ನೋಡಿದರು. ಚುರ್ ಎಂದಿತು. ಬೆರಳನ್ನು ಬಾಯಿಗಿಟ್ಟುಕೊಂಡು, ಯಾರಿಗೂ ಕಾಣದಂತೆ ನಗುತ್ತ, ಹಿಂದಿನ ಸೀಟಿಗೆ ಚೀಲ ಬಿಗಿಯುತ್ತಿದ್ದ ಹಗ್ಗ ಬಿಚ್ಚಿ ಜೇಬಿಗೆ ಹಾಕಿಕೊಂಡರು.